ಕತ್ತಲ ಕೋಣೆಯಲ್ಲಿ ನಿಂತ ಮಾತು

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುವ ಹೆಂಗಸು. ಅದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ದಿನ ಆ ನೆಲಮಾಳಿಗೆಗೆ ಇಳಿದು ನೋಡಬೇಕು. ಒಣಗಿಸುವ ಯಂತ್ರದಿಂದ ಬಂದ ಬಟ್ಟೆ ಕೈ ಸುಡುತ್ತದೆ. ಸೆಕೆಗೆ ಬೆನ್ನಿನ ಮೇಲೆ ಬೆವರು ಇಳಿಯುತ್ತಲೇ ಇರುತ್ತದೆ. ಈ ತುದಿ ಒಬ್ಬಳು, ಆ ತುದಿ ಒಬ್ಬಳು ಹಿಡಿದು, ಜಾಡಿಸಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಒಬ್ಬಳೇ ಮಡಿಸಲು ಹೋದರೆ ಅರ್ಧ ನೆಲಕ್ಕೆ ಬಿದ್ದು, ಒಗೆದ ಬಟ್ಟೆ ಮತ್ತೆ ಒಗೆಯಲು ಹೋಗುತ್ತದೆ. ಮದುವೆಯಾದ ವರ್ಷ ಅಲ್ಲಿಗೆ ಸೇರಿದವಳು ಇನ್ನೂ ಅಲ್ಲೇ ಇದ್ದಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳನ್ನು ಕಂಡರೆ ಮೇಲ್ವಿಚಾರಕ ದಾರಿ ಬದಲಿಸುತ್ತಿದ್ದ ಕಾಲವೊಂದಿತ್ತು. ಈಗ ಅವನೇ ಹತ್ತಿರ ಬಂದು ಊಟ ಆಯಿತಾ ಅಕ್ಕ ಎಂದು ಕೇಳುತ್ತಾನೆ. ಅಂಥ ಮರುಕ ಹಗೆಗೂ ಬೇಡ.

ಗಂಡ ಗಾಜು ಕತ್ತರಿಸುವವನು. ಕಿಟಕಿ ಗಾಜು, ಕನ್ನಡಿ, ಅಂಗಡಿಯ ಶೋಕೇಸು, ಯಾವುದೇ ಇರಲಿ, ಕಟರಿನಿಂದ ಒಂದು ಗೆರೆ ಎಳೆದು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿದರೆ ಗಾಜು ತಕರಾರಿಲ್ಲದೆ ಎರಡಾಗುತ್ತಿತ್ತು. ಗಾಜಾದರೂ ನನ್ನ ಮಾತು ಕೇಳುತ್ತದೆ, ನೀನು ಕೇಳುವುದಿಲ್ಲ ಎಂದು ಹೆಂಡತಿಯನ್ನು ರೇಗಿಸುವುದು ಅವನ ಹಳೆಯ ಚಾಳಿ. ಸದಾ ಏನಾದರೂ ಗುನುಗುತ್ತಾ ಓಡಾಡುವುದು ಇನ್ನೊಂದು ಚಾಳಿ. ಸುಳ್ಳು ಹೇಳಲು ಮಾತ್ರ ಬಾರದು. ಹೇಳಿದನೋ, ಕಿವಿ ಎರಡೂ ಕೆಂಪಗಾಗುತ್ತಿದ್ದವು. ಇವರಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅಪ್ಪ ಚೋಟು ಎಂದು ಕರೆದ. ಅಪ್ಪನಿಗಿಂತ ಎತ್ತರ ಬೆಳೆದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅವಳು ಚೋಟುವೇ.

ಒಂದು ಸಲ ಅವನಿಗೆ ಜ್ವರ ಬಂತು, ಬಂದದ್ದು ಮೆದುಳಿಗೆ ಏರಿತು. ಇವನು ಉಳಿಯುವ ಗಿರಾಕಿ ಅಲ್ಲ ಎಂದವರೇ ಹೆಚ್ಚು. ಉಳಿದ. ಉಳಿದದ್ದೇನೋ ಸರಿ, ಹೇಗೆ ಉಳಿದ ಎನ್ನುವುದು ಮನೆಯವರಿಗೆ ಗೊತ್ತು. ಜ್ವರಕ್ಕೆ ಮುಂಚಿನದೆಲ್ಲ ಕಣ್ಣಿಗೆ ಕಟ್ಟಿದಂತೆ ಹೇಳುತ್ತಿದ್ದ: ಮದುವೆಯ ದಿನ ಮಾವ ಜಾರಿ ಬಿದ್ದದ್ದು, ಮಗಳ ಮೊದಲ ಹಲ್ಲು ಬಿದ್ದದ್ದು, ಯಾವುದೂ ಬಿಟ್ಟುಹೋಗಿರಲಿಲ್ಲ. ಜ್ವರದ ಈಚಿನದು ಮಾತ್ರ ಒಂದೂ ನಿಲ್ಲುತ್ತಿರಲಿಲ್ಲ. ಈಗ ಕುಡಿದ ಕಾಫಿ ಈಗಲೇ ಮರೆತು, ಒಂದು ಲೋಟ ಕಾಫಿಗೂ ಗತಿಯಿಲ್ಲವೇ ಈ ಮನೆಯಲ್ಲಿ ಎಂದು ಕೇಳುವನು. ಅಂಗಡಿಗೆ ಹೋದವನು ಒಂದೇ ಕಿಟಕಿಗೆ ಮತ್ತೆ ಮತ್ತೆ ಗಾಜು ಕತ್ತರಿಸಿಟ್ಟ. ಕೈ ಕೆಲಸ ಮರೆತಿರಲಿಲ್ಲ. ಕೆಲಸ ಮುಗಿಯಿತು ಎನ್ನುವುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಯಜಮಾನ ಒಳ್ಳೆಯವನು, ಆದರೆ ಒಳ್ಳೆಯತನಕ್ಕೆಂದು ಎಷ್ಟು ಗಾಜು ಹಾಳು ಮಾಡಿಯಾನು, ಮನೆಗೆ ಕಳಿಸಿಬಿಟ್ಟ.

ಹಗಲು ಅವನನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಅದಕ್ಕೆಂದೇ ನಾದಿನಿಯ, ಅಂದರೆ ಅವನ ತಂಗಿಯ ಮನೆಯ ಮಹಡಿ ಮೇಲಿನ ಎರಡು ಕೋಣೆಗೆ ಬಂದು ಸೇರಿದರು. ಉಳಿದವರಿಗೆ ಅದು ಒಂದು ವಾರ ಹೊಸ ಮನೆ. ಅವನಿಗೆ ಬೆಳಗಾದರೆ ಹೊಸ ಮನೆ. ಬಚ್ಚಲೆಂದು ಬೀರುವಿನ ಬಾಗಿಲು ತೆಗೆದು, ಸೀರೆಗಳ ಮುಂದೆ ನಿಂತು, ನಲ್ಲಿ ಎಲ್ಲಿ ಕಿತ್ತುಹಾಕಿದಿರಿ ಎಂದು ಜಗಳ ತೆಗೆಯುತ್ತಿದ್ದ. ಹೇಳಿ ಹೇಳಿ ಹೆಂಡತಿಯ ಗಂಟಲು ಹರಿಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅವಳು ಬಟ್ಟೆ ಮಡಿಸುವ ಆಸ್ಪತ್ರೆಯಲ್ಲೇ ಇಂಥ ರೋಗಿಗಳಿಗೆಂದೇ ಒಬ್ಬ ಡಾಕ್ಟರಮ್ಮ ಇದ್ದಾರೆಂದು ಪತ್ತೆ ಹಚ್ಚಿದವಳು ಮಗಳು. ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕಲಿತದ್ದು ಕಲಿತ ಗಳಿಗೆಯಲ್ಲೇ ಯಾರ ತಲೆಯಲ್ಲೂ ಗಟ್ಟಿಯಾಗುವುದಿಲ್ಲ. ಆಮೇಲೆ ನಾವು ಏನೂ ಮಾಡದೆ ಸುಮ್ಮನೆ ಕೂತಾಗ, ಮಲಗಿದಾಗ, ಮೆದುಳು ತನ್ನ ಪಾಡಿಗೆ ಅದನ್ನೇ ಮತ್ತೆ ಮತ್ತೆ ತಿರುವಿಹಾಕಿ ಒಂದು ಜಾಗ ಮಾಡಿ ಇಡುತ್ತದೆ. ಆರೋಗ್ಯವಂತರಿಗೆ ಗದ್ದಲದ ನಡುವೆಯೂ ಅಷ್ಟೋ ಇಷ್ಟೋ ನಿಲ್ಲುತ್ತದೆ. ಇವರಿಗೆ ಹಾಗಲ್ಲ, ಒಂದು ಮಾತಿನ ಹಿಂದೆ ಇನ್ನೊಂದು ಬಂತೋ, ಹಿಂದಿನದು ಹೋಯಿತು. ಆದ್ದರಿಂದ ಒಂದೇ ಒಂದು ವಿಷಯ ಹೇಳಿ, ತಕ್ಷಣ ಕತ್ತಲ ಕೋಣೆಯಲ್ಲಿ ಒಬ್ಬರನ್ನೇ ಮಲಗಿಸಿ, ಮಾತು, ರೇಡಿಯೊ, ಫೋನು ಯಾವುದೂ ಬೇಡ. ಎಲ್ಲರಿಗೂ ಫಲಿಸುವುದಿಲ್ಲ, ಪ್ರಯತ್ನ ಮಾಡಿ ನೋಡಿ ಎಂದರು.

ದಾರಿಯಲ್ಲಿ ಮಗಳು ನಕ್ಕಳು. "ಅಮ್ಮಾ, ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ ಕಣೇ. ಪಾತ್ರೆ ಅಲ್ಲಾಡಿಸಬಾರದು, ಅಷ್ಟೇ."

ಅಂದಿನಿಂದ ಮನೆಯಲ್ಲಿ ಅದಕ್ಕೆ ಹೆಪ್ಪು ಹಾಕುವುದು ಎಂದೇ ಹೆಸರಾಯಿತು. ಮೊದಲು ಹೆಪ್ಪು ಹಾಕಿದ್ದು ಬಚ್ಚಲಿಗೆ. ನೀಲಿ ಬಾಗಿಲೇ ಬಚ್ಚಲು ಎಂದು ಮಗಳು ಅಪ್ಪನನ್ನು ಕೂರಿಸಿ ಹೇಳಿದಳು, ಒಳಗೆ ಮಲಗಿಸಿದಳು, ಪರದೆ ಎಳೆದಳು. ಅಮ್ಮ ಬಾಗಿಲ ಹೊರಗೆ ಕಾವಲು ಕೂತಳು. ಎರಡು ಸಲ ಕೆಟ್ಟಿತು: ಒಮ್ಮೆ ಕೆಳಗಿನ ಮಕ್ಕಳು ಮೆಟ್ಟಿಲ ಮೇಲೆ ಚೆಂಡು ಉರುಳಿಸಿದರು, ಇನ್ನೊಮ್ಮೆ ನಾದಿನಿಯೇ ಮರೆತು ಅಣ್ಣಾ ಎಂದು ಕೂಗಿದಳು. ಆಮೇಲೊಂದು ದಿನ ಅವನು ಎದ್ದು ಬಂದವನೇ ನೇರ ನೀಲಿ ಬಾಗಿಲಿಗೆ ನಡೆದ. ಅಮ್ಮ, ಮಗಳು ಇಬ್ಬರೂ ಬಾಯಿಗೆ ಸೆರಗು, ದುಪಟ್ಟಾ ಒತ್ತಿಕೊಂಡು ಕುಣಿಯುವುದೊಂದು ಬಾಕಿ.

ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅವನಿಗೇ ಸಿಟ್ಟು. ಯಾರು ಹೇಳಿದರು, ಯಾವಾಗ ಹೇಳಿದರು, ತಾನು ಕತ್ತಲಲ್ಲಿ ಮಲಗಿದ್ದು, ಯಾವುದೂ ಅವನಲ್ಲಿ ಇರುತ್ತಿರಲಿಲ್ಲ. ವಿಷಯ ಮಾತ್ರ ಇರುತ್ತಿತ್ತು, ತಾಯಿಯ ಹೊಟ್ಟೆಯಿಂದಲೇ ಕಲಿತು ಬಂದವನ ಹಾಗೆ. "ನನಗೇ ಪಾಠ ಹೇಳ್ತೀರಾ? ಅದು ನನಗೆ ಮೊದಲಿಂದ ಗೊತ್ತು," ಎನ್ನುವನು. ಒಲೆ ಹಚ್ಚಬಾರದು ಎನ್ನುವುದೂ ಹೀಗೆ ನಿಂತಿತು. ಅಂಗಡಿ ಕೆಲಸ ಬಿಟ್ಟಾಯಿತು, ಬೆಳಗ್ಗೆ ಹೊರಡುವುದು ಬೇಡ ಎನ್ನುವುದೂ ನಿಂತಿತು. ಇನ್ನೂ ಎಷ್ಟೋ ಕಲಿಸಬೇಕೆಂದು ಮಗಳು ಲೆಕ್ಕ ಹಾಕಿದ್ದಳು: ಮಾತ್ರೆ ತಾನೇ ತೆಗೆದುಕೊಳ್ಳುವುದು, ರಸ್ತೆಯ ಕೊನೆಯ ತನಕ ಹೋಗಿ ವಾಪಸು ಬರುವುದು. ಹೀಗೆ ಒಂದೊಂದೇ ಇಟ್ಟಿಗೆ ಇಟ್ಟರೆ ಅಪ್ಪ ಮತ್ತೆ ಮನುಷ್ಯನಾಗುತ್ತಾನೆ ಎನ್ನುತ್ತಿದ್ದಳು.

ಒಂದು ಸಂಜೆ ಕನ್ನಡಕದ ಅಂಗಡಿ ಮುಚ್ಚಿ ಹೊರಗೆ ಬಂದವಳ ಮೇಲೆ ಹಿಂದಕ್ಕೆ ಬರುತ್ತಿದ್ದ ಲಾರಿ ಹರಿಯಿತು. ಆಸ್ಪತ್ರೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಹೊದಿಸಿದ ಬಿಳಿ ಬಟ್ಟೆಯನ್ನು ಅಂದು ಬೆಳಗ್ಗೆ ಮಡಿಸಿದವಳು ಅಮ್ಮನೇ ಇರಬೇಕು. ಇದನ್ನು ಇದಕ್ಕಿಂತ ಉದ್ದ ಮಾಡಿ ಹೇಳಲು ನಾಲಿಗೆ ಬಾರದು.

ಅಪ್ಪ ಮಗಳಿಗೆ ಹೆಗಲು ಕೊಟ್ಟ. ಎಲ್ಲರಿಗಿಂತ ಜೋರಾಗಿ ಅತ್ತ. ಮಣ್ಣು ಮಾಡಿ ಮನೆಗೆ ಬಂದು, ಕೈಕಾಲು ತೊಳೆದು, ಒಂದು ಲೋಟ ನೀರು ಕುಡಿದು, ತುಂಬಿದ ಮನೆಯನ್ನೊಮ್ಮೆ ನೋಡಿ ಕೇಳಿದ: "ಏನು ಇಷ್ಟೊಂದು ಜನ? ಚೋಟು ಇನ್ನೂ ಬಂದಿಲ್ವಾ?"

ಹೆಂಡತಿ ಹೇಳಿದಳು. ಅವನು ಆಗ ತಾನೇ ಕೇಳಿದವನ ಹಾಗೆ ಗೋಡೆಗೆ ತಲೆ ಚಚ್ಚಿಕೊಂಡ. ಅವನ ಪಾಲಿಗೆ ಆಗ ತಾನೇ ಕೇಳಿದ್ದೇ. ಮರುದಿನ ಮತ್ತೆ ಕೇಳಿದ, ಮತ್ತೆ ಹೇಳಿದಳು, ಮತ್ತೆ ಅದೇ ಗೋಡೆ, ಅದೇ ತಲೆ. ಕೊನೆಗೆ ನಾದಿನಿ ಅಡ್ಡ ಬಂದಳು. "ಅತ್ತಿಗೆ, ಕೈ ಮುಗೀತೀನಿ, ದಿನಾ ಅವಳನ್ನ ಸಾಯಿಸಬೇಡಿ. ಅಣ್ಣ ಒಬ್ಬನಾದರೂ ನಗ್ತಾ ಇರಲಿ."

ಅಲ್ಲಿಂದ ಸುಳ್ಳು ಶುರುವಾಯಿತು. ಚೋಟುವಿಗೆ ಕೆಲಸ ಜಾಸ್ತಿ, ತಡವಾಗಿ ಬರುತ್ತಾಳೆ. ಬರಲಿ ಬಿಡು, ಊಟ ಮುಚ್ಚಿಡು ಎಂದು ಅವನು ಗುನುಗುತ್ತಾ ಮಲಗುತ್ತಿದ್ದ. ಮುಚ್ಚಿಟ್ಟಿದ್ದಾಳೋ ಇಲ್ಲವೋ ಎಂದು ಒಮ್ಮೊಮ್ಮೆ ಎದ್ದು ನೋಡುತ್ತಿದ್ದನಾದ್ದರಿಂದ ಅವಳು ದಿನವೂ ಒಂದು ತಟ್ಟೆ ನಿಜವಾಗಿ ಬಡಿಸಿ ಮುಚ್ಚಿಡಬೇಕಾಗಿತ್ತು. ಬೆಳಗ್ಗೆ ಅದನ್ನು ಚೆಲ್ಲಿ ಕೆಲಸಕ್ಕೆ ಹೋಗುವಳು.

ಅಳುವುದಕ್ಕೂ ಅವಳಿಗೆ ಜಾಗ ಇರಲಿಲ್ಲ. ಮನೆಯಲ್ಲಿ ಕಣ್ಣು ಒದ್ದೆಯಾದರೆ ಯಾಕೆ ಎಂದು ಅವನು ಬೆನ್ನು ಹತ್ತುವನು. ಲಾಂಡ್ರಿಯಲ್ಲಿ ಅತ್ತರೆ ಉಳಿದವರೆಲ್ಲ ಕೆಲಸ ನಿಲ್ಲಿಸಿ ಸುತ್ತ ನೆರೆಯುವರು. ನಾದಿನಿಯ ಮುಂದೆ ಅತ್ತರೆ ಅವಳು ಇನ್ನೂ ಜೋರಾಗಿ ಅತ್ತು, ಇವಳೇ ಸಮಾಧಾನ ಮಾಡಬೇಕಾಗುವುದು. ಆ ಮಗುವನ್ನು ಇವಳಷ್ಟೇ ಬಲ್ಲವನು, ಇವಳಷ್ಟೇ ಸಾಕಿದವನು ಲೋಕದಲ್ಲಿ ಒಬ್ಬನೇ, ಅವನು ಪಕ್ಕದಲ್ಲೇ ಗುನುಗುತ್ತಿದ್ದಾನೆ! ಇವನಿಗೆ ಮಗಳು ಬದುಕಿದ್ದಾಳೆ, ನನಗೊಬ್ಬಳಿಗೇ ಸತ್ತಿದ್ದಾಳೆ, ಇದು ಯಾವ ಊರಿನ ನ್ಯಾಯ ಎಂದು ಬೆಡ್‌ಶೀಟು ಮಡಿಸುತ್ತಾ ತನ್ನೊಳಗೇ ಜಗಳವಾಡುತ್ತಿದ್ದಳು.

ಜೊತೆಯಲ್ಲಿ ಮಡಿಸುವ ಹೆಂಗಸು ವಯಸ್ಸಾದವಳು, ಗಂಡನನ್ನು ಕಳೆದುಕೊಂಡವಳು. ಹೆತ್ತ ಅಪ್ಪನಿಗೆ ಮಗಳು ಹೋದದ್ದು ಗೊತ್ತಿರಬೇಡವೇ, ಅದೂ ಅವನ ಹಕ್ಕಲ್ಲವೇ ಎಂದು ಒಂದು ದಿನ ಕೇಳಿದಳು. ಸುಮ್ಮನೆ ಆಡಿದ ಮಾತು. ಇವಳು ಅದನ್ನು ಗಂಟು ಕಟ್ಟಿಕೊಂಡಳು. ಹಕ್ಕು ಗಿಕ್ಕು ಎಲ್ಲ ನೆಪ. ಅವಳಿಗೆ ಬೇಕಾಗಿದ್ದದ್ದು ಜೊತೆಗೆ ಕೂತು ಅಳಲು ಒಬ್ಬ ಮನುಷ್ಯ. ತಪ್ಪು ಎನ್ನುವವರು ಎನ್ನಲಿ, ಅವರ ಮನೆಯಲ್ಲಿ ಅಂಥದ್ದು ಆಗಿಲ್ಲ.

ರಜೆಯ ಮಧ್ಯಾಹ್ನ, ನಾದಿನಿ ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದಳು. ಕಟ್ಟಡವೇ ನಿಶ್ಶಬ್ದವಾಗಿತ್ತು. ಅವಳು ಫೋನು ಆರಿಸಿದಳು, ಪರದೆ ಎಳೆದಳು, ಗಂಡನನ್ನು ಮಂಚದ ಮೇಲೆ ಕೂರಿಸಿ ಎರಡೂ ಕೈ ಹಿಡಿದು ಒಂದೇ ವಿಷಯ ಹೇಳಿದಳು. "ರೀ, ಚೋಟು ಹೋಗಿಬಿಟ್ಟಳು. ಲಾರಿ ಹರೀತು. ನಮ್ಮ ಚೋಟು ಇನ್ನಿಲ್ಲ."

ಅವನ ಮುಖ ಗಾಜಿನ ಹಾಗೆ ಒಡೆಯುವುದನ್ನು ಅವಳು ಎಷ್ಟು ಸಲ ನೋಡಿದ್ದಳೋ, ಈ ಸಲವೂ ಅಷ್ಟೇ ಸಂಕಟವಾಯಿತು. ಆದರೆ ಈ ಸಲ ಅಪ್ಪಿಕೊಳ್ಳುವಂತಿರಲಿಲ್ಲ, ಸಮಾಧಾನದ ಒಂದು ಮಾತೂ ಆಡುವಂತಿರಲಿಲ್ಲ. ಆಡಿದರೆ ಅದೇ ಮಾತು ಹಿಂದಿನದನ್ನು ಅಳಿಸಿಬಿಟ್ಟರೆ? ಅವನನ್ನು ಮಲಗಿಸಿ, ಕೈ ಬಿಡಿಸಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಒಳಗೆ ಅವನು ಲೇ, ಎಲ್ಲಿ ಹೋದೆ ಎಂದು ಕೂಗಿದ. ಅವಳು ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡಳು, ಹೋಗಲಿಲ್ಲ. ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು, ಆಮೇಲೆ ಸದ್ದೇ ಇಲ್ಲ. ಗಂಡ ಒಬ್ಬನೇ ಕತ್ತಲಲ್ಲಿ ಮಗಳನ್ನು ಕಳೆದುಕೊಳ್ಳುತ್ತಿದ್ದಾನೆ, ನಾನು ಹೊರಗೆ ಕೂತು ಕಾಯುತ್ತಿದ್ದೇನೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಎದ್ದು ಬಂದಾಗ ಗುನುಗಲಿಲ್ಲ. ಮುಖ ತೊಳೆದು ಕಿಟಕಿಯ ಹತ್ತಿರ ನಿಂತ. ದಿನವೂ ಚೋಟು ಬಂದಳಾ ಎಂದು ಕೇಳುವ ಹೊತ್ತು ಬಂತು, ಹೋಯಿತು. ಕೇಳಲಿಲ್ಲ. ನಿಂತಿತು ಎಂದು ಅವಳಿಗೆ ತಿಳಿಯಿತು. ಈಗ ಬರುತ್ತಾನೆ, ಪಕ್ಕದಲ್ಲಿ ಕೂರುತ್ತಾನೆ, ಇಬ್ಬರೂ ಸೇರಿ ಒಂದು ಸಲ ಮನಸ್ಸು ಬಿಚ್ಚಿ ಅಳಬಹುದು ಎಂದು ಅಡುಗೆಮನೆಯಲ್ಲಿ ಕಾದಳು.

ಬಂದ. ಪಕ್ಕದಲ್ಲಿ ಕೂತ. ಅವಳ ಮುಖ ನೋಡಲಿಲ್ಲ. "ಲೇ, ಚೋಟು ಫೋನ್ ಮಾಡಿದ್ಲು. ಕೆಲಸದ ಮೇಲೆ ಎಲ್ಲಿಗೋ ಕಳಿಸಿದಾರಂತೆ. ಬರೋದು ತಡ ಆಗುತ್ತೆ. ನೀನು ಊಟ ಮಾಡು."

ಅಯ್ಯೋ, ನಿಲ್ಲಲಿಲ್ಲವಲ್ಲ ಎಂದುಕೊಂಡಳು ಮೊದಲು. ಆಮೇಲೆ ಅವನ ಕಿವಿ ನೋಡಿದಳು. ಎರಡೂ ಕೆಂಪಗಿದ್ದವು.

ಆಗ ಅರ್ಥವಾಯಿತು. ಮಗಳು ಸತ್ತದ್ದು ಅವನ ತಲೆಯಲ್ಲಿ ನಿಂತಿತ್ತು. ಅದನ್ನು ಹೇಳಿದವಳು ಹೆಂಡತಿ ಎನ್ನುವುದು ನಿಂತಿರಲಿಲ್ಲ. ಬಚ್ಚಲ ಬಾಗಿಲು ಯಾರು ತೋರಿಸಿದರೆಂದು ತಿಳಿಯದವನಿಗೆ ಇದನ್ನು ಯಾರು ಹೇಳಿದರೆಂದು ಹೇಗೆ ತಿಳಿಯಬೇಕು? ಅವನ ಲೆಕ್ಕದಲ್ಲಿ ಗಂಡಹೆಂಡಿರಿಬ್ಬರಲ್ಲಿ ಈ ಸುದ್ದಿ ಬಲ್ಲವನು ತಾನೊಬ್ಬನೇ. ಹೆಂಡತಿಗೆ ಇನ್ನೂ ಗೊತ್ತಿಲ್ಲ. ಹೇಗೆ ಹೇಳುವುದು, ಹೇಳಿದರೆ ಇವಳು ಉಳಿಯುತ್ತಾಳೆಯೇ? ಪಾಪ, ಗಂಡಸು ಬಾಯಿ ಮುಚ್ಚಿಕೊಂಡು ಇಡೀ ಭಾರ ತಾನೇ ಹೊರಲು ನಿಂತಿದ್ದ.

"ನಂಗೊತ್ತು ರೀ," ಎಂದಳು. "ನಾನೇ ನಿಮಗೆ ಹೇಳಿದ್ದು."

ಅವನು ಅವಳನ್ನು ತಬ್ಬಿಕೊಂಡ. ಅತ್ತರು. ಅವಳು ಬಯಸಿದ್ದು ಸಿಕ್ಕಿತು, ನಾದಿನಿ ಪೇಟೆಯಿಂದ ಬಂದು ಬಾಗಿಲು ತಟ್ಟುವ ತನಕ. ಬಾಗಿಲು ತೆಗೆದು, ಚೀಲ ಒಳಗೆ ತಂದು, ಮಕ್ಕಳಿಗೆ ನೀರು ಕೊಟ್ಟು ತಿರುಗಿ ನೋಡುವಷ್ಟರಲ್ಲಿ ಅವನು ತಂಗಿಯನ್ನು ಮೂಲೆಗೆ ಕರೆದುಕೊಂಡು ಹೋಗಿ ಪಿಸುಗುಡುತ್ತಿದ್ದ. "ಚೋಟು ವಿಷಯ ನಿಮ್ಮ ಅತ್ತಿಗೆಗೆ ಹೇಳಬೇಡ. ಅವಳು ತಡ್ಕೊಳಲ್ಲ."

ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಏನಾಗಿದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೆಪ್ಪು ಹಾಕಿಬಿಟ್ಟಿರಾ ಎಂದಷ್ಟೇ ಕೇಳಿ ಕೆಳಗೆ ಹೋದಳು. ಆಮೇಲೆ ಬಹಳ ದಿನ ಅಣ್ಣನ ಊಟ ತಂದಿಟ್ಟು ಹೋಗುವಳೇ ಹೊರತು ಅತ್ತಿಗೆಯ ಜೊತೆ ಮಾತಿಲ್ಲ.

ಈಗ ನಿತ್ಯದ ನರಕ ಬೇರೆ ಬಗೆಯದಾಯಿತು. ಅವಳು ನನಗೂ ಗೊತ್ತು ಎಂದಾಗಲೆಲ್ಲ ಅವನು ಕುಸಿಯುತ್ತಿದ್ದ. ಮಗಳ ಸಾವಿಗಲ್ಲ, ಅದು ಅವನಲ್ಲಿ ಇದ್ದೇ ಇತ್ತು. ಹೆಂಡತಿಗೆ ಗೊತ್ತಾಗಿಹೋಯಿತಲ್ಲ ಎಂದು. "ಯಾರು ಹೇಳಿದ್ರು ನಿಂಗೆ? ಯಾವ ಪಾಪಿ ಹೇಳಿದ?" ಎಂದು ಮೆಟ್ಟಿಲಿಳಿದು ಹೋಗಿ ತಂಗಿಯ ಮೇಲೆ, ತಂಗಿಯ ಗಂಡನ ಮೇಲೆ ಕೂಗಾಡುವನು. ಅವಳಿಗೆ ಹೇಳಬಾರದು ಎಂದು ಅಷ್ಟೂ ತಿಳಿಯಲಿಲ್ಲವೇ ನಿಮಗೆ ಎನ್ನುವನು. ಸ್ವಲ್ಪ ಹೊತ್ತಿಗೆ ಅದೂ ಮರೆತು ಮೇಲೆ ಬಂದು ಹುಷಾರಾಗಿ ಮುಖ ಸರಿಮಾಡಿಕೊಂಡು, ಚೋಟು ಫೋನ್ ಮಾಡಿದ್ದಳು ಎನ್ನುವನು.

ಇವಳು ಸುಮ್ಮನೆ ಕೂರುವ ಜಾತಿಯಲ್ಲ. ಒಂದು ಕಲಿಸಿದವಳಿಗೆ ಇನ್ನೊಂದು ಕಲಿಸುವುದು ಕಷ್ಟವೇ? ನಿಮ್ಮ ಹೆಂಡತಿಗೂ ಗೊತ್ತು, ಇಷ್ಟೇ ಮಾತು. ರಜೆ ಬಂದಾಗಲೆಲ್ಲ ಹೇಳಿದಳು, ಮಲಗಿಸಿದಳು, ಕಾದಳು. ಒಮ್ಮೆಯೂ ನಿಲ್ಲಲಿಲ್ಲ. ಕತ್ತಲಲ್ಲಿ ಬಿಟ್ಟ ಕೂಡಲೇ ಒಳಗಿನಿಂದ ಚೋಟು, ಚೋಟು ಎಂಬ ಮೆಲುದನಿ ಕೇಳುತ್ತಿತ್ತು. ಎದ್ದು ಬಂದವನ ಮುಖ ಇನ್ನಷ್ಟು ಇಳಿದಿರುತ್ತಿತ್ತು, ಕಿವಿ ಕೆಂಪಗಾಗುತ್ತಿತ್ತು, ಫೋನ್ ಮಾಡಿದ್ದಳು ಎನ್ನುತ್ತಿದ್ದ. ಮಾತ್ರೆ ಡಬ್ಬಿಯ ಪಾಠವೂ ನಿಲ್ಲಲಿಲ್ಲ. ರಸ್ತೆಯ ಕೊನೆಯ ಪಾಠವೂ ಇಲ್ಲ.

ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋದಳು. ನಡೆದದ್ದೆಲ್ಲ ಹೇಳಿದಳು. ಬೈಯುತ್ತಾರೆಂದು ಕಾದಳು, ಬೈದಿದ್ದರೆ ಒಳ್ಳೆಯದಿತ್ತು. ಮೆದುಳು ಹೊಸದನ್ನು ತಿರುವಿಹಾಕಲು ಆ ಹೊತ್ತು ಖಾಲಿ ಇರಬೇಕು, ಅದಕ್ಕೇ ಕತ್ತಲು, ಅದಕ್ಕೇ ಮೌನ ಎಂದರು. ಹೊರಗಿನ ಗದ್ದಲ ನಾವು ನಿಲ್ಲಿಸಬಹುದು. ಈಗ ಗದ್ದಲ ಒಳಗಿದೆ. ಸುಮ್ಮನೆ ಮಲಗಿದ ತಕ್ಷಣ ಅದು ಆ ಒಂದೇ ವಿಷಯವನ್ನು ತಿರುವುತ್ತದೆ, ಪ್ರತಿ ಸಲವೂ ಇನ್ನಷ್ಟು ಗಟ್ಟಿ ಮಾಡುತ್ತದೆ.

"ತೆಗೆಯೋಕಾಗಲ್ವಾ ಡಾಕ್ಟ್ರೇ?" ಎಂದು ಕೇಳಿದಳು. "ನನಗೇನೂ ಬೇಡ. ಮೊದಲಿನ ಹಾಗೆ ಮಾಡಿಕೊಡಿ ಸಾಕು. ನಾನೇ ಸುಳ್ಳು ಹೇಳ್ಕೊಂಡಿರ್ತೀನಿ."

"ನಿಲ್ಲಿಸೋದೇ ನಮಗೆ ಅಷ್ಟಿಷ್ಟು ಗೊತ್ತಿರೋದಮ್ಮ," ಎಂದರು. "ತೆಗೆಯೋದು ಗೊತ್ತಿಲ್ಲ."

ಮಗಳು ತೆರೆದು ಕೊಟ್ಟು ಹೋಗಿದ್ದ ಒಂದೇ ಒಂದು ಬಾಗಿಲು, ಅದರ ಮೂಲಕ ಮಗಳ ಸಾವನ್ನೇ ಒಳಗೆ ಕಳಿಸಿ ತಾನೇ ಮುಚ್ಚಿಬಿಟ್ಟೆ ಎಂದು ಅವಳು ಮೆಟ್ಟಿಲ ಮೇಲೆ ಕೂತು ಹಣೆ ಹಣೆ ಬಡಿದುಕೊಂಡಳು. ಯಾರೋ ನೀರು ತಂದು ಕೊಟ್ಟರು. ಕುಡಿದು ನೆಲಮಾಳಿಗೆಗೆ ಇಳಿದು ಉಳಿದ ಬಟ್ಟೆ ಮಡಿಸಿದಳು.

ಅಂದು ಸಂಜೆ ಮನೆಗೆ ಬಂದಾಗ ಅವನು ಬಾಗಿಲಲ್ಲೇ ಕಾಯುತ್ತಿದ್ದ. ಬಹಳ ಸೊರಗಿದ್ದ. ನಾದಿನಿ ತಂದಿಟ್ಟ ಊಟವನ್ನು ಮುಟ್ಟದೆ ಎರಡು ತಟ್ಟೆಗೆ ಬಡಿಸಿ ಇಟ್ಟಿದ್ದ. ಅವಳು ಚಪ್ಪಲಿ ಬಿಡುತ್ತಿದ್ದ ಹಾಗೆಯೇ, ಬೆಳಗಿನಿಂದ ಅದನ್ನೇ ಗಟ್ಟಿ ಮಾಡಿಕೊಂಡವನ ಹಾಗೆ ಒಂದೇ ಉಸಿರಿಗೆ ಹೇಳಿದ. "ಚೋಟು ಫೋನ್ ಮಾಡಿದ್ಲು ಕಣೇ. ಬರೋದು ತಡ ಆಗುತ್ತಂತೆ."

ನನಗೆ ಗೊತ್ತು ಎನ್ನಲು ಬಾಯಿ ತೆರೆದಳು. ಎಂದರೆ ಈ ಮನುಷ್ಯ ಇಲ್ಲೇ ಕುಸಿಯುತ್ತಾನೆ, ಕೆಳಗೆ ಹೋಗಿ ಕೂಗಾಡುತ್ತಾನೆ, ಮತ್ತೆ ಮೇಲೆ ಬರುತ್ತಾನೆ. ಇದಕ್ಕೆ ಕೊನೆ ಎಲ್ಲಿ?

"ಹೌದಾ? ಯಾವಾಗ ಬರ್ತಾಳಂತೆ?" ಎಂದಳು.

ಅವನ ಹೆಗಲು ಸಡಿಲವಾದದ್ದು ಕಾಣಿಸಿತು. "ಬರ್ತಾಳೆ, ಬೇಗ ಬರ್ತಾಳೆ. ನೀನು ಊಟ ಮಾಡು."

ಇಬ್ಬರೂ ಎದುರುಬದುರು ಕೂತು ಉಂಡರು. ಎಷ್ಟೋ ದಿನದ ಮೇಲೆ ಅವನು ತಟ್ಟೆ ಖಾಲಿ ಮಾಡಿದ. ಬಂದಾಗ ಚೋಟುವಿಗೆ ಒಂದು ಹೊಸ ಬೀರು ಮಾಡಿಸಬೇಕು, ಬಾಗಿಲಿಗೆ ಉದ್ದದ ಕನ್ನಡಿ ತಾನೇ ಕತ್ತರಿಸಿ ಕೂರಿಸುತ್ತೇನೆ ಎಂದ. ಹೂಂ, ಮಾಡಿಸೋಣ ಎಂದಳು. ಕಣ್ಣಲ್ಲಿ ನೀರು ಬಂದಾಗ ಖಾರ ಜಾಸ್ತಿ ಎಂದಳು. ಅವನು ನೀರಿನ ಲೋಟ ಅವಳ ಕಡೆ ಸರಿಸಿದ. ಜೊತೆಗೆ ಕೂತು ಅಳಲು ಅವಳಿಗೆ ಲೋಕದಲ್ಲಿದ್ದ ಒಬ್ಬನೇ ಒಬ್ಬ ಮನುಷ್ಯ, ಅವಳು ಅಳದ ಹಾಗೆ ಮುಖವನ್ನೇ ನೋಡುತ್ತಾ ಕಾವಲು ಕೂತಿದ್ದ.